20 ನಿಮಿಷ ಕದ್ದವರು

ಲೆಕ್ಕ ಬಲ್ಲವರು ಮುಂದೆ ಬನ್ನಿ. ಒಬ್ಬರ ಹೊಟ್ಟೆಯೊಳಗೆ ಇಳಿಸಿದ ಲ್ಯಾಪರೋಸ್ಕೋಪನ್ನು ಇನ್ನೊಬ್ಬರಿಗೆ ಬಳಸುವ ಮುನ್ನ ತೊಳೆದು, ಗ್ಲುಟರಾಲ್ಡಿಹೈಡ್ ಎಂಬ ರೋಗಾಣುನಾಶಕ ದ್ರಾವಣದಲ್ಲಿ 20 ನಿಮಿಷ ಪೂರ್ತಿ ಮುಳುಗಿಸಿಡಬೇಕು. ಇದು ಕೇಂದ್ರ ಸರ್ಕಾರವೇ ಬರೆದ ನಿಯಮ. 2014ರ ನವೆಂಬರ್ 8ರಂದು ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ, ಬಾಗಿಲು ಮುಚ್ಚಿದ್ದ ಖಾಸಗಿ ಆಸ್ಪತ್ರೆಯೊಂದನ್ನು ತೆರೆಸಿ ನಡೆಸಿದ ಸರ್ಕಾರಿ ಶಿಬಿರದಲ್ಲಿ, ಒಬ್ಬ ಸರ್ಜನ್ ಒಂದೇ ಲ್ಯಾಪರೋಸ್ಕೋಪ್ ಹಿಡಿದು 83 ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. 83 ಸಲ 20 ನಿಮಿಷ ಅಂದರೆ 27 ಗಂಟೆ 40 ನಿಮಿಷ. ಶಿಬಿರ ಮುಗಿದದ್ದು ಕೆಲವೇ ಗಂಟೆಗಳಲ್ಲಿ. ಮಿಕ್ಕ ಗಂಟೆಗಳನ್ನು ನುಂಗಿದವರು ಯಾರು?

ಆ ವಾರ ಜಿಲ್ಲೆಯ ಶಿಬಿರಗಳಿಗೆ ಬಂದವರಲ್ಲಿ 13 ಹೆಂಗಸರು ಸತ್ತರು. ಬಹುತೇಕರು ದಲಿತ, ಆದಿವಾಸಿ, ಹಿಂದುಳಿದ ಮನೆಗಳ ಎಳೆಯ ತಾಯಂದಿರು. ಕೊಟ್ಟ ಮಾತ್ರೆಯಲ್ಲಿ ಇಲಿಪಾಷಾಣ ಬೆರೆತಿತ್ತು ಎಂದು ಅಧಿಕಾರಿಗಳು ಕೈ ತೊಳೆದುಕೊಂಡರು. ಆಪರೇಷನ್‌ಗೆ ಮುಂಚೆ ತೊಳೆಯಬೇಕಿದ್ದ ಕೈ ಅದು! ಮಾತ್ರೆಯೇ ಕೊಂದಿತು ಅನ್ನೋಣ. ಅಷ್ಟಕ್ಕೇ ಆ 27 ಗಂಟೆಗಳ ಲೆಕ್ಕ ಚುಕ್ತಾ ಆಯಿತೇ? ಅದೇ ವರ್ಷದ ಆರಂಭದಲ್ಲಿ, 50,000 ಆಪರೇಷನ್ ಮಾಡಿದ್ದಕ್ಕೆ ಆ ಸರ್ಜನ್‌ಗೆ ಸರ್ಕಾರ ಸನ್ಮಾನ ಮಾಡಿತ್ತು. ಕೈಗವಸು ಎಷ್ಟು ಸಲ ಬದಲಾಯಿಸಿದಿರಿ ಎಂದು ಹಾರ ಹಾಕಿದವರು ಕೇಳಲಿಲ್ಲ.

ಇದು ಮೊದಲನೆಯದೂ ಅಲ್ಲ. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಡೆಸ್ಕುಗಳ ಮೇಲೆ ಮಲಗಿಸಿ, ಟಾರ್ಚ್ ಬೆಳಕಿನಲ್ಲಿ, ಎರಡು ಗಂಟೆಗಳಲ್ಲಿ 53 ಹೆಂಗಸರನ್ನು ಕೊಯ್ದಿದ್ದರು. ಇದರ ವಿರುದ್ಧ ಆರೋಗ್ಯ ಹಕ್ಕುಗಳ ಹೋರಾಟಗಾರ್ತಿ ದೇವಿಕಾ ಬಿಸ್ವಾಸ್ ಸುಪ್ರೀಂ ಕೋರ್ಟಿಗೆ ಹೋದರು. ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಿ ಎಂದು 2016ರಲ್ಲಿ ತೀರ್ಪು ಬಂತು. ಆದರೂ 2022ರ ಆಗಸ್ಟ್‌ನಲ್ಲಿ ತೆಲಂಗಾಣದ ಇಬ್ರಾಹಿಂಪಟ್ಟಣದಲ್ಲಿ ಒಂದೇ ದಿನ 34 ಆಪರೇಷನ್, ನಾಲ್ಕು ಹೆಣ.

ಬಡ ದೇಶ, ಏನು ಮಾಡುವುದು ಎನ್ನಬೇಡಿ. ಕೈಗೆ ಸೋಪು, ಉಪಕರಣಕ್ಕೆ ದ್ರಾವಣ, ಆಟೋಕ್ಲೇವಿಗೆ 121 ಡಿಗ್ರಿ ಹಬೆ: ಇವು ಕೊಳ್ಳಲಾಗದ ವಸ್ತುಗಳಲ್ಲ. ಇಲ್ಲದ್ದು ಕಾಯುವ ವ್ಯವಧಾನ. ತಿಂಗಳ ಕೊನೆಗೆ ಇಷ್ಟು ಕೇಸು ಆಗಲೇಬೇಕು ಎಂದು ಮೇಲಿನವರು ಗುರಿ ಕೊಟ್ಟಾಗ ಮೊದಲು ಸಾಯುವುದು ಆ 20 ನಿಮಿಷ, ಆಮೇಲೆ ಹೆಂಗಸರು.

ಯಾವ ಉಪಕರಣ ಎಷ್ಟು ಹೊತ್ತಿಗೆ ದ್ರಾವಣಕ್ಕೆ ಇಳಿಯಿತು, ಎಷ್ಟು ಹೊತ್ತಿಗೆ ಮೇಲೆ ಬಂತು ಎಂಬುದು ಪ್ರತಿ ಆಪರೇಷನ್ ಥಿಯೇಟರಿನಲ್ಲೂ ದಾಖಲಾಗಲಿ. ದಾಖಲೆ ಇಲ್ಲದಿದ್ದರೆ ಚಾಕು ಕೆಳಗಿಡಲಿ. ಹೆಣ ಬಿದ್ದರೆ ಸರ್ಜನ್ ಒಬ್ಬರನ್ನು ಅಮಾನತು ಮಾಡಿ ಕಡತ ಮುಚ್ಚುವ ಆಟ ಸಾಕು. ಗುರಿ ಬರೆದುಕೊಟ್ಟ ಅಧಿಕಾರಿಯ ಹೆಸರೂ ಎಫ್‌ಐಆರ್‌ನಲ್ಲಿ ಇರಲಿ.