ಬೀಳಲು ಕಲಿತ ಗುರುಗಳು

ತಮ್ಮ ಮಗಳನ್ನು ಐಕಿಡೊ ಎಂಬ ಜಪಾನೀ ವಿದ್ಯೆಯ ಶಾಲೆಗೆ ಸೇರಿಸಬೇಕೆಂದಿರುವ ಸೋದರಿಯೊಬ್ಬರು, ಅದನ್ನು ಕಲಿಸುವವರ ಯೋಗ್ಯತೆಯನ್ನು ಅರಿಯುವ ಬಗೆ ಹೇಗೆಂದು ಕೇಳಿ ಬರೆದಿರುವರು. ಪ್ರಶ್ನೆಯು ಸಣ್ಣದಲ್ಲ. ಕುಸ್ತಿಯಲ್ಲಾದರೆ ಗೆದ್ದವನಾರೆಂಬುದನ್ನು ಊರೇ ಕಾಣುವುದು. ಐಕಿಡೊವಿನಲ್ಲಾದರೋ, ತೊಮಿಕಿ ಕೆಂಜಿಯವರ ಪಂಥವನ್ನು ಬಿಟ್ಟರೆ, ಸಾಮಾನ್ಯವಾಗಿ ಪಂದ್ಯಗಳೇ ಇಲ್ಲ. ಸೋಲುಗೆಲುವಿನ ಸಾಕ್ಷ್ಯವಿಲ್ಲದೆಡೆಯಲ್ಲಿ ಗುರುವನ್ನು ಅವನ ಗುರುವಿನಿಂದಲೂ ಶಿಷ್ಯರಿಂದಲೂ ಅಳೆಯಬೇಕಾಗುವುದು.

ಈ ವಿದ್ಯೆಯ ಪ್ರವರ್ತಕರಾದ ಉಯೆಶಿಬಾ ಮೊರಿಹೆಯಿಯವರು 1883ರಲ್ಲಿ ತನಾಬೆ ಎಂಬ ಊರಿನಲ್ಲಿ ಜನಿಸಿದರು. 1915ರಲ್ಲಿ ಹೊಕ್ಕಾಯ್ಡೊ ದ್ವೀಪದಲ್ಲಿ ಅವರಿಗೆ ದೈತೊ ಪಂಥದ ಜುಜುತ್ಸು ಗುರುಗಳಾದ ತಾಕೆದಾ ಸೊಕಾಕು ಅವರ ಭೇಟಿಯಾಯಿತು. ತಾಕೆದಾ ಮಹಾಶಯರು ಕಲಿತವರ ಹೆಸರುಗಳನ್ನು ಒಂದು ದಫ್ತರದಲ್ಲಿಯೂ, ಕೊಟ್ಟ ಶುಲ್ಕವನ್ನು ಇನ್ನೊಂದರಲ್ಲಿಯೂ ಬರೆಯಿಸಿಡುತ್ತಿದ್ದರು. ದಕ್ಷಿಣೆಯ ಲೆಕ್ಕವಿಡುವ ಗುರುವನ್ನು ನಾವು ಲೋಭಿಯೆಂದು ಜರೆಯುವೆವೇನೋ. ಆದರೆ ಯಾರು ಎಂದು ಕಲಿತರೆಂಬುದಕ್ಕೆ ಇಂದು ಆ ಲೆಕ್ಕವೇ ಆಧಾರವಾಗಿರುವುದು. 1922ರಲ್ಲಿ ಅವರು ಉಯೆಶಿಬಾರಿಗೆ ತಮ್ಮ ಪ್ರತಿನಿಧಿಯಾಗಿ ಬೋಧಿಸುವ ಅಧಿಕಾರವನ್ನಿತ್ತರು. ಐಕಿಡೊ ಎಂಬ ಹೆಸರು ನೆಲೆಗೊಂಡುದು 1942ರಲ್ಲಿ.

1931ರಲ್ಲಿ ಟೋಕಿಯೋ ನಗರದಲ್ಲಿ ಕೊಬುಕಾನ್ ಎಂಬ ಶಾಲೆಯು ಏರ್ಪಟ್ಟಿತು. ಗುರುಗೃಹದಲ್ಲಿಯೇ ವಾಸಿಸುವ ಶಿಷ್ಯನಿಗೆ ಅಲ್ಲಿ ಉಚಿದೆಶಿ ಎಂದು ಹೆಸರು. ನಮ್ಮ ಅಂತೇವಾಸಿ ಶಬ್ದಕ್ಕೆ ಇದಕ್ಕಿಂತ ಸಮೀಪವಾದ ಪರಭಾಷಾಪದವನ್ನು ನಾನು ಕಂಡಿಲ್ಲ. ನೆಲ ಗುಡಿಸುವುದು, ಗುರುವಿನ ಪ್ರಯಾಣದಲ್ಲಿ ಗಂಟು ಹೊರುವುದು, ಎಲ್ಲಕ್ಕೂ ಮಿಗಿಲಾಗಿ ಗುರುವಿನ ಕೈಯಿಂದ ಎಸೆಯಿಸಿಕೊಳ್ಳುವುದು ಅವನ ವ್ರತ. ಹೀಗೆ ಅಪಾಯವಿಲ್ಲದೆ ಬೀಳುವ ಕಲೆಗೆ ಉಕೆಮಿಯೆಂದು ಹೆಸರು. ಪಟ್ಟಿನ ವೇಗವೂ ದಿಕ್ಕೂ ನೋಡುವ ಕಣ್ಣಿಗಿಂತ ಬೀಳುವ ದೇಹಕ್ಕೆ ಚೆನ್ನಾಗಿ ತಿಳಿಯುವುದು. ವರ್ಷಗಟ್ಟಲೆ ಬಿದ್ದೆದ್ದವನು ಪರರ ಮಣಿಕಟ್ಟು ಎಲ್ಲಿಯವರೆಗೆ ತಿರುಗೀತು, ಎಲ್ಲಿ ಮುರಿದೀತು ಎಂಬುದನ್ನು ತನ್ನ ಮಣಿಕಟ್ಟಿನ ನೋವಿನಿಂದಲೇ ಬಲ್ಲನು. ಮಗುವನ್ನು ಒಪ್ಪಿಸುವ ತಾಯಿಗೆ ಬೇಕಾದುದು ಈ ಅರಿವೇ ಅಲ್ಲವೆ?

ಎಲ್ಲರೂ ಒಂದೇ ದಾರಿಯಿಂದ ಬಂದವರಲ್ಲ. ಜೂಡೊವಿನ ಪ್ರವರ್ತಕರಾದ ಕಾನೊ ಜಿಗೊರೊ ಅವರೇ 1930ರಲ್ಲಿ ಈ ವಿದ್ಯೆಯನ್ನು ಕಂಡು ಮೆಚ್ಚಿ, ತಮ್ಮ ಶಿಷ್ಯರಾದ ಮೊಚಿಜುಕಿ ಮಿನೊರು ಅವರನ್ನು ಕಲಿಯಲು ಕಳುಹಿದರು. ಸೈತೊ ಮೊರಿಹಿರೊ ಎಂಬವರು ರೈಲ್ವೆಯ ನೌಕರರು. 1946ರಲ್ಲಿ ಇವಾಮಾ ಗ್ರಾಮದಲ್ಲಿ ಶಿಷ್ಯರಾಗಿ ಸೇರಿ, ಕೆಲಸದ ಸರದಿಯಿಲ್ಲದ ಹೊತ್ತನ್ನೆಲ್ಲ ಗುರುಸೇವೆಗೆ ಕೊಟ್ಟು, 1969ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ಕಲಿತರು. ಕುನಿಗೊಶಿ ತಾಕಾಕೊ ಎಂಬ ಮಹಿಳೆಯು 1930ರ ದಶಕದಲ್ಲಿಯೇ ಅಭ್ಯಾಸ ಮಾಡಿ, ಗುರುಗಳ ಗ್ರಂಥಕ್ಕೆ ಚಿತ್ರಗಳನ್ನೂ ಬರೆದುಕೊಟ್ಟರು. ಹೆಣ್ಣುಮಗುವಿಗೆ ಇದು ಸಲ್ಲದೆನ್ನುವ ನೆರೆಹೊರೆಯವರಿಗೆ ಈ ಸಂಗತಿಯನ್ನು ತಿಳಿಸಬಹುದು.

ಕಪ್ಪು ನಡುಪಟ್ಟಿಯನ್ನು ಕಂಡೊಡನೆ ಕೈಮುಗಿಯುವವರುಂಟು. ಆ ಪಟ್ಟಿಯ ಮೊದಲ ದರ್ಜೆಯಾದ ಶೊದನ್ ಎಂಬುದಕ್ಕೆ ಆರಂಭದ ಮೆಟ್ಟಿಲೆಂದೇ ಅರ್ಥ. ಅಕ್ಷರಾಭ್ಯಾಸ ಮುಗಿಸಿದವನನ್ನು ಪಂಡಿತನೆನ್ನುವೆವೆ?

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ವಿವಾದ ಬಂದಾಗ ಪರೀಕ್ಷೆ ನಡೆದುದು ಶಿಷ್ಯೆಯ ನೃತ್ಯದಲ್ಲಿ. ತಾನು ಬಲ್ಲವನು ಬೇರೆ, ಕಲಿಸಬಲ್ಲವನು ಬೇರೆ. ಎರಡೂ ಉಳ್ಳವನೇ ಶ್ರೇಷ್ಠನೆಂದು ಅಲ್ಲಿಯ ಪರಿವ್ರಾಜಿಕೆಯ ಮತ. ಆದುದರಿಂದ ಸೋದರಿಯು ಮೊದಲು ಆ ಶಿಕ್ಷಕರು ಯಾರ ಬಳಿ, ಎಷ್ಟು ವರ್ಷ ಕಲಿತರೆಂದು ಕೇಳಲಿ. ಬಳಿಕ ಒಂದು ಸಂಜೆ ಮೂಲೆಯಲ್ಲಿ ಕುಳಿತು, ಹಳೆಯ ಶಿಷ್ಯರು ಹೊಸಬರ ಕೈಯನ್ನು ಹೇಗೆ ಹಿಡಿಯುವರೆಂದು ನೋಡಲಿ. ಮೊದಲ ತಿಂಗಳು ಮಗುವಿಗೆ ಬೀಳುವುದನ್ನೇ ಹೇಳಿಕೊಟ್ಟರೆ, ಹಣ ವ್ಯರ್ಥವಾಯಿತೆಂದು ಬಿಡಿಸಿಕೊಂಡು ಬರಬಾರದು.