ಯುಗಾದಿಗೆ ಹೋಳಿಗೆ ನಿಮಗಿರಲಿ, ಲಾನ್‌ಗೆ ಗೊಬ್ಬರ ಮಳೆಗಿರಲಿ!

ಮನೆ ಮುಂದೆ ಅಂಗೈ ಅಗಲದ್ದಾದರೂ ಸರಿ, ಒಂದು ಹಸಿರು ಲಾನ್ ಇರಬೇಕು ಅನ್ನೋ ಆಸೆ ಯಾರಿಗಿಲ್ಲ ಹೇಳಿ? ನಮ್ಮ ದಾವಣಗೆರೆಯಲ್ಲಂತೂ ಈಗ ಈ ಆಸೆ ಜೋರಾಗಿದೆ. ಲೋಕಿಕೆರೆ ರಸ್ತೆಯ ಕಡೆ ಮನೆ ಕಟ್ಟಿಸಿದವರಿರಲಿ, ಹರಿಹರದಲ್ಲಿ ಸೈಟ್ ಕೊಂಡವರಿರಲಿ, ಕಾಂಪೌಂಡ್ ಒಳಗೆ ಇನ್ನೂರು ಅಡಿ ಜಾಗ ಉಳಿದರೆ ಸಾಕು, ನರ್ಸರಿಯಿಂದ ಹುಲ್ಲು ತಂದು ಹಾಸಿಬಿಡುತ್ತಾರೆ. ಸಂಜೆ ಅಲ್ಲಿ ಕೂತು ಕಾಫಿ ಕುಡಿಯುವ ಸುಖವೇ ಬೇರೆ ಬಿಡಿ.

ತೊಂದರೆ ಶುರುವಾಗುವುದು ಮಾರ್ಚ್ ತಿಂಗಳಲ್ಲಿ. ಹೊಂಗೆ, ಬೇವು ಚಿಗುರಿದ್ದೇ ತಡ, 'ವಸಂತ ಬಂತು, ಹುಲ್ಲಿಗೂ ಒಂದಿಷ್ಟು ಗೊಬ್ಬರ ಚೆಲ್ಲೋಣ, ಹಬ್ಬದ ಹೊತ್ತಿಗೆ ಹಚ್ಚಗಾಗ್ಲಿ' ಎನ್ನುವ ಉತ್ಸಾಹ ಮೂಡುತ್ತದೆ. ಊರಲ್ಲಿ ಹೊಲ ಇದ್ದವರ ಮನೆಯಲ್ಲಿ ಒಂದೆರಡು ಕೆ.ಜಿ. ಯೂರಿಯಾ ಮೂಲೆಯಲ್ಲಿ ಇದ್ದೇ ಇರುತ್ತದೆ. ಕೈಗೆ ಸಿಕ್ಕಷ್ಟು ಎರಚಿ, ಪೈಪ್ ಹಿಡಿದು ನೀರು ಬಿಟ್ಟರೆ ಆಯಿತು. ನನ್ನ ಮಾತು ಕೇಳ್ತೀರಾದರೆ, ಈ ಕೆಲಸ ಈಗ ಬೇಡವೇ ಬೇಡ!

ಅದು ಅವರ ವಸಂತ, ಇದು ನಮ್ಮ ವಸಂತ

ವಸಂತದಲ್ಲಿ ಲಾನ್‌ಗೆ ಗೊಬ್ಬರ ಹಾಕಬೇಕು ಅನ್ನೋದು ತಂಪು ದೇಶಗಳ ಪಾಠ. ಅಮೆರಿಕದಲ್ಲಿರುವ ಮಗಳ ಮನೆಗೆ ಬಾಣಂತನಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಅಲ್ಲಿನ ಚಳಿ ಪ್ರದೇಶಗಳಲ್ಲಿ ತಿಂಗಳುಗಟ್ಟಲೆ ಹಿಮದ ಕೆಳಗೆ ಮಲಗಿದ್ದ ಹುಲ್ಲು ಹಿಮ ಕರಗಿದ ಮೇಲೆ ಎಚ್ಚರವಾಗುತ್ತದೆ. ಮಣ್ಣಲ್ಲಿ ಬೇಕಾದಷ್ಟು ತೇವ, ಮೇಲೆ ಹಿತವಾದ ಬಿಸಿಲು. ಆಗ ಗೊಬ್ಬರ ಕೊಟ್ಟರೆ ಹುಲ್ಲಿಗೆ ಮೈ ಹತ್ತುತ್ತದೆ.

ನಮ್ಮಲ್ಲಿ ಹಾಗಲ್ವಲ್ಲ! ಚೈತ್ರ, ವೈಶಾಖ ಅಂದರೆ ನೆತ್ತಿ ಸುಡುವ ಬಿಸಿಲು. ಮಣ್ಣು ಬಿರುಕು ಬಿಡುವ ಕಾಲ. ಒಣಗಿದ ನೆಲಕ್ಕೆ ಯೂರಿಯಾ ಚೆಲ್ಲಿದರೆ ಎರಡು ನಷ್ಟ. ಒಂದು, ಅದರಲ್ಲಿನ ಸಾರಜನಕದ ಒಂದಷ್ಟು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಎರಡು, ಬೇರಿನ ಸುತ್ತ ಉಪ್ಪಿನಂಶ ಹೆಚ್ಚಿ, ಹುಲ್ಲು ನೀರು ಹೀರಿಕೊಳ್ಳಲಾಗದೆ ಕರಕಲಾಗುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡುವುದಿಲ್ಲವೇ, ಹಾಗೇ ಇದೂ. 2015ರಿಂದ ನಮ್ಮ ದೇಶದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸುವುದು ಕಡ್ಡಾಯವಾಗಿದೆ. ಹಾಗಂತ ಅದು ಸುಡುವುದಿಲ್ಲ ಅಂತೇನಿಲ್ಲ.

ಅಲ್ರೀ, ಇದಕ್ಕೆ ದೊಡ್ಡ ಓದೇನೂ ಬೇಕಾಗಿಲ್ಲ. ಲೋಕಿಕೆರೆ ಕಡೆಯ ಯಾವ ರೈತ ಮಹಿಳೆಯನ್ನಾದರೂ ಕೇಳಿ. ಹದ ಇಲ್ಲದ ಹೊಲಕ್ಕೆ ಆಕೆ ಮೇಲುಗೊಬ್ಬರ ಹಾಕುತ್ತಾಳೆಯೇ? ಮಳೆ ಬರಬೇಕು, ನೆಲ ನೆನೆಯಬೇಕು, ಆಮೇಲೆ ಗೊಬ್ಬರ. ಆಕೆ ನೋಡುವುದು ತೇವವನ್ನು, ಕ್ಯಾಲೆಂಡರನ್ನಲ್ಲ.

ನೀರಿನ ಲೆಕ್ಕ ಹಾಕಿದ್ದೀರಾ?

'ನಾವು ದಿನಾ ನೀರು ಬಿಡ್ತೀವಲ್ಲ' ಅನ್ನಬಹುದು ನೀವು. ಸರಿ, ಲೆಕ್ಕ ಹಾಕೋಣ. ಬೇಸಿಗೆಯಲ್ಲಿ ಲಾನ್ ಹಸಿರಾಗಿರಬೇಕಾದರೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಇನ್ನೂರು ಚದರ ಅಡಿಗೆ ಹತ್ತಿರ ಹತ್ತಿರ 90 ಲೀಟರ್, ಅಂದರೆ ದಿನಾ ಆರೇಳು ಕೊಡ! ಗೊಬ್ಬರ ಬಿದ್ದ ಹುಲ್ಲು ಸರಸರನೆ ಬೆಳೆದು ಇನ್ನಷ್ಟು ನೀರು ಕೇಳುತ್ತದೆ. ಬೆಳೆದದ್ದನ್ನು ಕತ್ತರಿಸುವ ಕೆಲಸ ಬೇರೆ.

ನಮ್ಮೂರ ನೀರು ಬರುವುದಾದರೂ ಎಲ್ಲಿಂದ? ಹರಿಹರದ ಬಳಿಯ ತುಂಗಭದ್ರೆಯಿಂದ, ಮತ್ತೆ ಭದ್ರಾ ನಾಲೆಯ ನೀರು ತುಂಬಿಸಿಕೊಳ್ಳುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ನಾಲೆ ನಿಂತು ಹೊಳೆ ಸೊರಗಿದರೆ ಊರಿನ ಗಂಟಲೇ ಒಣಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ್ದು ನೆನಪಿರಬೇಕಲ್ಲ? ಮರು ಬೇಸಿಗೆಯಲ್ಲಿ, 2024ರ ಮಾರ್ಚ್‌ನಲ್ಲಿ, ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂದಿತು. ನಮಗೂ ದಂಡ ಹಾಕಿದ ಮೇಲೇ ಬುದ್ಧಿ ಬರಬೇಕೇ?

ನೀರು ಬಿಡುವ ದಿನ ನಸುಕಿನಲ್ಲೇ ಎದ್ದು ಸಂಪು, ಡ್ರಮ್ಮು ತುಂಬಿಸುವವರು ನಾವೇ. ನಮ್ಮ ಮನೆಗೆಲಸಕ್ಕೆ ಬರುವಾಕೆ ತನ್ನ ಓಣಿಯ ಟ್ಯಾಂಕರ್ ಮುಂದೆ ಕೊಡ ಸಾಲಿಗಿಟ್ಟು ಬಂದಿರುತ್ತಾಳೆ. ಆಕೆಯ ಕೈಯಲ್ಲೇ ಪೈಪ್ ಕೊಟ್ಟು 'ಹುಲ್ಲಿಗೆ ಚೆನ್ನಾಗಿ ನೀರು ಬಿಡವ್ವ' ಅಂತ ಹೇಳುವ ಮೊದಲು ಒಂದು ಕ್ಷಣ ಯೋಚಿಸಿ. ನೀರಿನ ಕಷ್ಟ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ?

ಹಾಗಾದರೆ ಯಾವಾಗ?

ಕಾಯಿರಿ. ಭರಣಿ, ಕೃತ್ತಿಕಾ ಮಳೆಯ ಒಂದೆರಡು ಹನಿಗೆ ಮೋಸ ಹೋಗಬೇಡಿ. ಎರಡು ಮೂರು ಒಳ್ಳೆ ಮಳೆ ಬಿದ್ದು ನೆಲ ಬೆರಳುದ್ದ ನೆನೆಯಲಿ. ಸಾಮಾನ್ಯವಾಗಿ ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ನಡುವೆ, ಆ ಹದ ಸಿಗುತ್ತದೆ. ಅದೇ ಮೊದಲ ಕಂತು. ಗಣೇಶನ ಹಬ್ಬದ ಆಸುಪಾಸಿನಲ್ಲಿ ಇನ್ನೊಂದು ಕಂತು ಕೊಟ್ಟರೆ ಮನೆಯ ಲಾನ್‌ಗೆ ವರ್ಷಕ್ಕೆ ಅಷ್ಟು ಸಾಕು.

ಹೇಗೆ, ಎಷ್ಟು?

* ಮೊದಲ ಆಯ್ಕೆ ಎರೆಹುಳು ಗೊಬ್ಬರ. ನೂರು ಚದರ ಅಡಿಗೆ ಸುಮಾರು 10 ಕೆ.ಜಿ. ತೆಳ್ಳಗೆ ಹರಡಿ, ಪೊರಕೆಯಿಂದ ಹುಲ್ಲಿನ ಬುಡಕ್ಕೆ ಇಳಿಸಿ. ಜೊತೆಗೆ ಒಂದು ಕೆ.ಜಿ. ಬೇವಿನ ಹಿಂಡಿ ಪುಡಿ ಬೆರೆಸಬಹುದು.

* ಕೊಟ್ಟಿಗೆ ಗೊಬ್ಬರವಾದರೆ ಪೂರ್ತಿ ಕಳಿತದ್ದೇ ಆಗಬೇಕು. ಹಸಿ ಸಗಣಿ ಗೊಬ್ಬರದ ಜೊತೆ ಕಳೆಬೀಜಗಳೂ ಬರುತ್ತವೆ.

* ಯೂರಿಯಾ ಹಾಕಲೇಬೇಕು ಅಂದರೆ ನೂರು ಚದರ ಅಡಿಗೆ 100 ಗ್ರಾಂ ಮೀರಬೇಡಿ. ಕಣ್ಣಳತೆ ಬೇಡ, ತಕ್ಕಡಿಯಲ್ಲಿ ತೂಗಿ. ಒಣ ಮರಳಿನ ಜೊತೆ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ. ನೆಲ ಹಸಿ ಇರಬೇಕು, ಹುಲ್ಲಿನ ಎಲೆ ಒಣಗಿರಬೇಕು. ಸಂಜೆ ಹೊತ್ತು ಹಾಕಿ, ತಕ್ಷಣ ನೀರು ಕೊಡಿ.

* ಜಡಿಮಳೆ ಬರುವ ದಿನ ಬೇಡ. ಗೊಬ್ಬರವೆಲ್ಲಾ ಚರಂಡಿ ಪಾಲಾಗುತ್ತದೆ.

* ಯೂರಿಯಾ ನೋಡಲು ಸಕ್ಕರೆ, ಉಪ್ಪಿನ ಹಾಗೇ ಇರುತ್ತದೆ. ಅಡುಗೆಮನೆ ಡಬ್ಬಿಯಲ್ಲಿ ಎಂದೂ ಇಡಬೇಡಿ. ದನಗಳಿಗೆ ಅದು ವಿಷ. ಗೊಬ್ಬರ ಹಾಕಿದ ಹೊಸದರಲ್ಲಿ ಕತ್ತರಿಸಿದ ಹುಲ್ಲನ್ನು ಬೀದಿ ಹಸುವಿಗೆ ಹಾಕಬೇಡಿ.

ಇನ್ನೊಂದು ಮಾತು. ಯೂರಿಯಾ ರೈತರಿಗಾಗಿ ಸರ್ಕಾರ ಸಬ್ಸಿಡಿ ಕೊಡುವ ಗೊಬ್ಬರ. 2025ರ ಮುಂಗಾರಿನಲ್ಲಿ ರಾಜ್ಯದ ಹಲವೆಡೆ ರೈತರು ಅದಕ್ಕಾಗಿ ಸಾಲುಗಟ್ಟಿ ನಿಂತದ್ದನ್ನು ಕಂಡಿದ್ದೇವೆ. ನಮ್ಮ ಅಂಗಳದ ಅಂದಕ್ಕೆ ಎರೆಗೊಬ್ಬರವೇ ಸಾಕಲ್ವಾ?

ಅಲ್ಲಿಯವರೆಗೆ ಏನು ಮಾಡೋದು?

ಬೇಸಿಗೆಯಲ್ಲಿ ಹುಲ್ಲನ್ನು ತೀರಾ ಗಿಡ್ಡ ಕತ್ತರಿಸಬೇಡಿ. ಎರಡು ಅಂಗುಲ ಇದ್ದರೆ ತನ್ನ ಬುಡಕ್ಕೆ ತಾನೇ ನೆರಳಾಗುತ್ತದೆ. ಸಣ್ಣ ತುಂಡುಗಳನ್ನು ಅಲ್ಲೇ ಬಿಡಿ, ಅದೇ ಪುಕ್ಕಟೆ ಗೊಬ್ಬರ. ದಿನಾ ಚಿಮುಕಿಸುವ ಬದಲು ವಾರಕ್ಕೆರಡು ಸಲ, ಬೆಳಗಿನ ಜಾವ, ಬೇರಿಗೆ ಇಳಿಯುವಂತೆ ನೀರು ಕೊಡಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹುಲ್ಲಿಗಿರಲಿ. ನೀರಿನ ಫಿಲ್ಟರ್ ಹೊರಹಾಕುವ ನೀರಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ನೆಲ ಒರೆಸಲು ಬಳಸಿ.

'ಹುಲ್ಲು ಹಳದಿಯಾದರೆ ಬಂದ ನೆಂಟರು ಏನಂದುಕೊಂಡಾರು?' ಅನ್ನೋ ಚಿಂತೆಯೇ? ಬಿಡಿ. ಲಾನ್‌ಗೆ ಹಾಕುವ ಹುಲ್ಲುಗಳಲ್ಲಿ ಗಟ್ಟಿಗಿತ್ತಿ ಅಂದರೆ ನಾವು ಗಣಪನಿಗೆ ಏರಿಸುವ ಗರಿಕೆಯೇ. ಮೇಲೆ ಒಣಗಿದರೂ ಅದರ ಬೇರು ಒಳಗೆ ಜೀವ ಹಿಡಿದಿರುತ್ತದೆ. ನಾಲ್ಕು ಮಳೆ ಬಿದ್ದರೆ ಮತ್ತೆ ಹಸಿರು. ಹೊಸದಾಗಿ ಲಾನ್ ಮಾಡಿಸುವವರು ನರ್ಸರಿಯಲ್ಲಿ ಅದನ್ನೇ ಕೇಳಿ ತನ್ನಿ. ನಾಜೂಕಿನ ಹುಲ್ಲು ಹಾಸಿದ್ದರೆ ಅದು ಸಾಯದಷ್ಟು ನೀರು ಕೊಡಿ, ಮಳೆ ಬಂದ ಮೇಲೆ ಗೊಬ್ಬರ ಕೊಡಿ.

ಬೇಸಿಗೆಯಲ್ಲಿ ಮನೆ ಮುಂದಿನ ಹುಲ್ಲು ಸ್ವಲ್ಪ ಹಳದಿಯಾದರೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ. ಈ ಮನೆಯಾಕೆಗೆ ನೀರಿನ ಬೆಲೆ ಗೊತ್ತು ಅಂತ ಅದನ್ನು ನೋಡಿದವರೇ ತಿಳಿದುಕೊಳ್ಳಲಿ. ಏನಂತೀರಿ?