ಕಾಯುವ ಕತ್ತರಿ ಎಡವಿದಾಗ

ಹುಲಿಹೈದರದ ಕಡೆ ಹಳೆಯ ಸೀರೆ, ಧೋತರಗಳನ್ನು ಕತ್ತರಿಸಿ, ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಒಂದರಂತೆ ಇನ್ನೊಂದು ಕೌದಿ ಇರುವುದಿಲ್ಲ.

ನಮ್ಮ ಮೂಳೆಮಜ್ಜೆಯಲ್ಲೂ ಇಂಥದೇ ಕೆಲಸ ನಡೆಯುತ್ತದೆ. ಅಲ್ಲಿ ಬೆಳೆಯುವ ಕೆಲವು ಬಿಳಿ ರಕ್ತಕಣಗಳಲ್ಲಿ ‘ರ‍್ಯಾಗ್’ ಎಂಬ ಕಿಣ್ವವು ಡಿಎನ್‌ಎಯನ್ನು ಗೊತ್ತಾದ ಗುರುತುಗಳಲ್ಲಿ ಕತ್ತರಿಸುತ್ತದೆ. ಬೇರೆ ಕಿಣ್ವಗಳು ತುಂಡುಗಳನ್ನು ಬೆಸೆಯುತ್ತವೆ. ಕೆಲವೇ ತುಂಡುಗಳಿಂದ ಕೋಟ್ಯಂತರ ಬಗೆಯ ಪ್ರತಿಕಾಯಗಳು ತಯಾರಾಗುವುದು ಹೀಗೆ. ಈ ಕತ್ತರಿಯೇ ಇಲ್ಲದೆ ಹುಟ್ಟಿದ ಮಗುವಿಗೆ ಮಜ್ಜೆಯ ಕಸಿ ಮಾಡದಿದ್ದರೆ ಸಾಮಾನ್ಯ ಸೋಂಕೂ ಜೀವಕ್ಕೆ ಎರವಾಗಬಲ್ಲದು.

ಕತ್ತರಿ ತಪ್ಪು ಜಾಗಕ್ಕೆ ಬಿದ್ದರೆ? 14ನೆಯ ವರ್ಣತಂತುವಿನ ತುಂಡು 18ನೆಯದರ ತುಂಡಿಗೆ ಅಂಟಿಕೊಂಡಾಗ, ಜೀವಕೋಶದ ಸಾವನ್ನು ತಡೆಯುವ ‘ಬಿಸಿಎಲ್-2’ ಜೀನ್ ಹದ್ದು ಮೀರಿ ದುಡಿಯುತ್ತದೆ. ಸಾಯಬೇಕಾದ ಕೋಶ ಸಾಯದೆ ಉಳಿಯುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಸಾಮಾನ್ಯವಾಗಿ ಇದೇ ಮೊದಲ ಹೆಜ್ಜೆ.

18ನೆಯ ವರ್ಣತಂತುವಿನ ಆ ಜಾಗದಲ್ಲಿ ಡಿಎನ್‌ಎ ಮಾಮೂಲಿ ಸುರುಳಿಯಂತಿರದೆ ಬೇರೆ ಆಕಾರ ತಳೆಯುತ್ತದೆ, ರ‍್ಯಾಗ್ ಅದನ್ನೂ ಕತ್ತರಿಸಬಲ್ಲದು ಎಂದು 2004ರಲ್ಲಿ ತೋರಿಸಿದವರಲ್ಲಿ ಸತೀಶ್ ರಾಘವನ್ ಒಬ್ಬರು. ಅಮೆರಿಕದಲ್ಲಿ ಆ ಕೆಲಸ ಮಾಡಿದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಜಾಡು ಹಿಡಿದರು.

ಇಂಥ ತಪ್ಪು ಜೋಡಣೆ ಆರೋಗ್ಯವಂತರ ರಕ್ತದಲ್ಲೂ ಕಾಣುವುದುಂಟು; ಅದೊಂದರಿಂದಲೇ ಕ್ಯಾನ್ಸರ್ ಬರುವುದಿಲ್ಲ. ಆದರೆ ಕುತ್ತಿಗೆ, ಕಂಕುಳು, ತೊಡೆಸಂದಿಯ ಗಂಟು ವಾರಗಟ್ಟಲೆ ಕರಗದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸುವುದು ಜಾಣತನ.